ಇವರು ಹೀಗೆ ಪಾಠ ಮಾಡುವವರಲ್ಲ

ಶನಿವಾರ, ಮಧ್ಯಾಹ್ನ
ಶಾಲೆಯ ಸ್ಟಾಫ್ ರೂಮು

ನನ್ನ ಗುಬ್ಬೀ,

ಹುಷಾರಾಗಿದ್ದೀಯಾ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂಬುದನ್ನೆಲ್ಲ ಫೋನಿನಲ್ಲಿ ಕೇಳಿಯಾಗಿದೆ. ಆದ್ದರಿಂದ ಸೀದಾ ವಿಷಯಕ್ಕೆ ಬರುತ್ತೇನೆ. ಅಮ್ಮ ಕಾಗದ ಬರೆದಿದ್ದಾಳೆ ಅಂದ ಕೂಡಲೇ ಯಾರಿಗೋ ಏನೋ ಆಗಿದೆ ಅಂತ ಗಾಬರಿಬಿದ್ದು ಕೂರಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಆಗಿರುವುದು ನನಗೆ, ಅದೂ ನಿನ್ನ ಕೃಪೆಯಿಂದ.

ನಿನ್ನೆ ಕ್ಲಾಸು ಮುಗಿಸಿ ವರಾಂಡಕ್ಕೆ ಕಾಲಿಡುವಷ್ಟರಲ್ಲಿ ಗೈಡ್ ಮೇಡಂ ಫೋನು ಬಂತು. ಗೊತ್ತಲ್ಲ, ಯೂನಿವರ್ಸಿಟಿಯಲ್ಲಿ ನನ್ನ ಡಿಗ್ರಿಗೆ ಮಾರ್ಗದರ್ಶನ ಮಾಡಿದವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು, ಅರಳು ಹುರಿದ ಹಾಗೆ ಮಾತಾಡುವವರು. ಆ ಡಿಗ್ರಿಗೆಂದು ನಾನು ಕೊಟ್ಟಿದ್ದ ಪಾಠದ ವಿಡಿಯೊ ಈ ವರ್ಷ ಎಲ್ಲ ಶಿಕ್ಷಕರ ತರಬೇತಿ ಕಾಲೇಜುಗಳಿಗೂ ಹೋಗಿದೆಯಂತೆ. ಮೊದಲ ವರ್ಷದವರೆಲ್ಲ ಅದನ್ನು ನೋಡಿ, ಆ ಟೀಚರು ಎಲ್ಲೆಲ್ಲಿ ತಪ್ಪಿದ್ದಾರೆ, ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ತಮ್ಮ ತಮ್ಮ ಪೋರ್ಟ್‌ಫೋಲಿಯೊದಲ್ಲಿ ಬರೆಯಬೇಕಂತೆ. ಎಲ್ಲರೂ ಪುಟಗಟ್ಟಲೆ ಬರೆದಿದ್ದಾರೆ, ಒಂದು ಕಾಲೇಜಿನಲ್ಲಿ ಮಾತ್ರ ಒಬ್ಬ ಹುಡುಗಿ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದಾಳೆ ಅಂತ ಹೇಳಿ, ನಗುನಗುತ್ತಾ ಆ ಸಾಲನ್ನು ಓದಿದರು. ಇವರು ಹೀಗೆ ಪಾಠ ಮಾಡುವವರಲ್ಲ. ಅಷ್ಟೇ. ಯಾರೋ ನಿಮ್ಮ ಅಭಿಮಾನಿ ಇರ್ಬೇಕು ಮೇಡಂ, ಹುಡುಕಿ ಒಂದು ಚಾಕಲೇಟು ಕೊಡ್ಸಿ ಅಂದರು.

ಯಾವ ಕಾಲೇಜು ಅಂತ ನಾನು ಕೇಳಬೇಕಾಗಿಯೇ ಇರಲಿಲ್ಲ. ಆದರೂ ಕೇಳಿದೆ. ನಿನ್ನದೇ.

ನಾನೂ ನಕ್ಕೆ. ಯಾರೋ ಹಳೇ ಸ್ಟೂಡೆಂಟು ಇರ್ಬೇಕು ಬಿಡಿ ಅಂದೆ. ಆಗಲೇ ಬೆಲ್ಲು ಹೊಡೆಯಿತು, ನನ್ನ ಪುಣ್ಯ. ಆ ಪುಟ ಅಪೂರ್ಣ ಅಂತ ವಾಪಸು ಬಂದಿದೆ, ಬರುವ ಶುಕ್ರವಾರದೊಳಗೆ ಪೂರ್ತಿ ಬರೆಯದಿದ್ದರೆ ಆ ಹುಡುಗಿ ಇಡೀ ಪೇಪರನ್ನೇ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂತು ಮತ್ತೆ ಮಾಡಬೇಕು ಅನ್ನುವುದನ್ನೂ ಅವರೇ ಹೇಳಿದರು. ಇದ್ಯಾವುದನ್ನೂ ನೀನು ನನಗೆ ಹೇಳಿಲ್ಲ. ಮೊನ್ನೆ ಫೋನಿನಲ್ಲಿ ಹಾಸ್ಟೆಲಿನ ಗೀಸರ್ ಕೆಟ್ಟಿದೆ ಅಂತ ಅರ್ಧ ಗಂಟೆ ಪುರಾಣ ಹೇಳಿದೆ. ನಿನ್ನ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಮಾತು ಇಟ್ಟುಕೊಂಡು ಗೀಸರ್ ವಿಷಯ ಮಾತಾಡುವುದನ್ನು ಎಲ್ಲಿ ಕಲಿತೆಯೋ ಕಾಣೆ. ನನ್ನಿಂದಲೇ ಇರಬೇಕು.

ಕೇಳು. ಈ ಕಾಗದ ಬರೆಯುತ್ತಿರುವುದು ಒಂದೇ ಕೆಲಸಕ್ಕೆ. ಆ ಸಾಲು ತೆಗೆ. ಶುಕ್ರವಾರದೊಳಗೆ ಎಲ್ಲರ ಹಾಗೆ ನನ್ನ ತಪ್ಪುಗಳನ್ನು ಬರೆದು ಕಳಿಸು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ರೂಮಿನಲ್ಲಿ ಇನ್ನಿಬ್ಬರಿದ್ದಾರೆ, ಅವರ ಕಿವಿ ಎಷ್ಟು ಚುರುಕು ಅಂತ ನೀನೇ ಹೇಳಿದ್ದೀಯ. ಮೆಸೇಜು ಹಾಕೋಣವೆಂದರೆ ಈ ಪೋರ್ಟ್‌ಫೋಲಿಯೊ ಸಹವಾಸ ಆದಮೇಲೆ ನನಗೆ ಟೈಪ್ ಮಾಡಿದ ಯಾವುದನ್ನು ಕಂಡರೂ ಹೆದರಿಕೆ. ಅಳಿಸಿದರೂ ಹೋಗುವುದಿಲ್ಲ. ‘ಹಿಂದಿನ ಪ್ರತಿಗಳು’ ಅಂತ ಒಂದು ಮೂಲೆಯಲ್ಲಿ ಕೂತಿರುತ್ತದೆ. ಕಾಗದವಾದರೆ ಓದಿ ಹರಿಯಬಹುದು. ಹರಿದುಹಾಕು. ನಿಮ್ಮಪ್ಪನ ಡಿಪೋದಿಂದ ನಿಮ್ಮೂರಿಗೆ ಹೋಗುವ ಸಂಜೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸ್ಕೋ.

ಈ ವಿಡಿಯೊ ಹುಟ್ಟಿದ ಕಥೆಯನ್ನು ನಿನಗೆ ಹೇಳಿರಲಿಲ್ಲ. ಹೇಳುವಂಥದ್ದಾಗಿಯೂ ಇರಲಿಲ್ಲ. ಡಿಗ್ರಿ ಇಲ್ಲದ ಟೀಚರುಗಳು ಇನ್ನು ಕ್ಲಾಸಿನಲ್ಲಿ ಇರುವ ಹಾಗಿಲ್ಲ ಅಂತ ಆರ್ಡರು ಬಂದಾಗ ನೀನು ಪರೀಕ್ಷೆಗೆ ಓದುತ್ತಿದ್ದೆ. ಅರ್ಧ ಆಯುಷ್ಯ ಪಾಠ ಮಾಡಿದವಳು ನಾನು, ಭಾನುವಾರ ಭಾನುವಾರ ಬ್ಯಾಗು ಹೆಗಲಿಗೆ ಹಾಕಿಕೊಂಡು ಯೂನಿವರ್ಸಿಟಿಗೆ ಹೋಗಿ ಕೂತೆ. ಪರೀಕ್ಷೆ ಬರೆಯುವುದಾಗಿದ್ದರೆ ಬರೆದು ಬಿಸಾಕುತ್ತಿದ್ದೆ. ಅಲ್ಲಿ ಪರೀಕ್ಷೆಯೇ ಇಲ್ಲ, ಪೋರ್ಟ್‌ಫೋಲಿಯೊ. ನಿನಗಂತೂ ಬಿಡಿಸಿ ಹೇಳಬೇಕಿಲ್ಲ, ನೀನೂ ಅದರಲ್ಲೇ ಮುಳುಗಿದ್ದೀಯ. ಮಾಡಿದ ಪಾಠದ ವಿಡಿಯೊ, ಪಾಠದ ಯೋಜನೆ, ಮಕ್ಕಳ ನೋಟ್‌ಬುಕ್ಕಿನ ಫೋಟೊ, ಎಲ್ಲವನ್ನೂ ವೆಬ್‌ಸೈಟಿಗೆ ಏರಿಸುವುದು. ಪ್ರತಿಯೊಂದರ ಕೆಳಗೂ ಆತ್ಮಾವಲೋಕನ ಅಂತ ಒಂದು ಪೆಟ್ಟಿಗೆ. ನನಗೇನು ಕಷ್ಟವಾಯಿತು, ನಾನೇನು ಕಲಿತೆ, ಮುಂದೇನು ಮಾಡುವೆ. ದೇವರ ಮುಂದೆಯೂ ನಾನು ಇಷ್ಟು ಸಲ ಅವಲೋಕಿಸಿಕೊಂಡವಳಲ್ಲ.

ಮೊದಲ ವರ್ಷದ ಕೊನೆಗೆ ಗೈಡ್ ಮೇಡಂ ನನ್ನ ಪುಟ ತೆರೆದು ತುಟಿ ಕಚ್ಚಿಕೊಂಡು ಕೂತರು. ಎಲ್ಲಾ ಚೆನ್ನಾಗಿದೆ ಮೇಡಂ, ಅದೇ ತೊಂದರೆ ಅಂದರು. ‘ಮೊದಲು’ ಅಂತ ಒಂದು ಖಾನೆ, ‘ನಂತರ’ ಅಂತ ಒಂದು ಖಾನೆ ಇರುತ್ತದಲ್ಲ, ಎರಡರಲ್ಲೂ ನಾನು ಹಾಕಿದ ಪಾಠಗಳು ಒಂದೇ ಥರ ಇವೆಯಂತೆ. ಬೆಳವಣಿಗೆ ಕಾಣ್ತಾ ಇಲ್ಲ, ಅಂಕ ಇರೋದೇ ಬೆಳವಣಿಗೆಗೆ, ನೀವು ಬಂದಾಗ್ಲೇ ಚೆನ್ನಾಗಿ ಪಾಠ ಮಾಡ್ತಿದ್ರೆ ನಾವು ಕಲಿಸಿದ್ದೇನು ಅಂತ ಆಗುತ್ತಲ್ವಾ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಪಾಪ. ನನ್ನ ಕೂಡೆ ಇದ್ದ ಹೊಸ ಹುಡುಗಿಯರು ಮೊದಲ ಪಾಠದಲ್ಲಿ ಅತ್ತು, ಕೊನೆಯ ಪಾಠದಲ್ಲಿ ನಕ್ಕು, ಬೇಕಾದಷ್ಟು ಬೆಳೆದು ತೋರಿಸಿದ್ದರು. ನಾನೊಬ್ಬಳೇ ಬೆಳೆಯದೆ ನಿಂತವಳು. ಹಳೆಯ ವಿಡಿಯೊ ಯಾವುದಾದ್ರೂ ಇದ್ರೆ, ಅಷ್ಟೇನೂ ಚೆನ್ನಾಗಿಲ್ಲದ್ದು, ‘ಮೊದಲು’ ಖಾನೆಗೆ ಹಾಕಿಬಿಡಿ ಅಂತ ದಾರಿ ತೋರಿಸಿ ಕಣ್ಣು ಮಿಟುಕಿಸಿದರು.

ಮನೆಗೆ ಬಂದು ಹೇಳಿದ್ದಕ್ಕೆ ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಗಾಡಿ ರಿಪೇರಿ ಮಾಡ್ಬೇಕಾದ್ರೆ ಮೊದಲು ಕೆಡಿಸಿ ಫೋಟೊ ತೆಗೀತೀವೇನೇ ಅಂದರು. ಅವರಿಗೇನು, ಇಂಜಿನ್ನಿಗೆ ಆತ್ಮಾವಲೋಕನ ಇಲ್ಲ.

ಅಂತೂ ಆರನೇ ಕ್ಲಾಸಿನ ಮಕ್ಕಳಿಗೆ ಒಂದು ನಾಟಕ ಮಾಡೋಣ ಅಂದೆ. ಮಧ್ಯಾಹ್ನದ ಮೊದಲ ಪಿರಿಯಡ್ಡು. ಬೀರುವಿನ ಮೇಲೆ ಡಸ್ಟರು, ಡಿಕ್ಷನರಿ ಎಲ್ಲ ಒಟ್ಟಿ ಫೋನು ನಿಲ್ಲಿಸಿದೆ. ಇವತ್ತು ಮಿಸ್ ಕೆಟ್ಟದಾಗಿ ಪಾಠ ಮಾಡ್ತಾರೆ, ನೀವು ಅರ್ಥ ಆಗದವರ ಹಾಗೆ ಕೂರಬೇಕು ಅಂತ ಹೇಳಿಕೊಟ್ಟೆ. ಅಯ್ಯೋ, ಆ ಮಕ್ಕಳ ಸಂಭ್ರಮ ನೋಡಬೇಕಿತ್ತು ನೀನು! ಒಬ್ಬ ಡೆಸ್ಕಿನ ಮೇಲೆ ಬಿದ್ದು ಗೊರಕೆ ಹೊಡೆದ. ಇನ್ನೊಬ್ಬ ತಲೆ ಕೆರೆದುಕೊಂಡ ರಭಸಕ್ಕೆ ಕೂದಲು ಕಿತ್ತು ಬರಬೇಕು. ನಾನು ಸಿಟ್ಟು ಮಾಡಿದ ಹಾಗೆ ಮಾಡಿದರೆ ಇಡೀ ಕ್ಲಾಸು ಕಿಸಕ್ ಅಂತ ನಗುತ್ತದೆ. ಹೀಗಾದರೆ ಆಗುವುದಿಲ್ಲ ಅಂತ ಸುಮ್ಮನಾಗಿಸಿ ಎರಡನೇ ಸಲ ಮಾಡಿದೆವು. ಆಗ ಸರಿಯಾಗಿ ಬಂತು. ಅಭಿನಯ ನನಗೆ ಅಷ್ಟು ಸಲೀಸು ಅಂತ ನನಗೇ ಗೊತ್ತಿರಲಿಲ್ಲ. ಗೈಡ್ ಮೇಡಂ ನೋಡಿ, ಎಷ್ಟು ಸಹಜವಾಗಿದೆ ಅಂದರು. ‘ನಂತರ’ ಖಾನೆಗೆ ಅದೇ ಭಿನ್ನರಾಶಿಯನ್ನು ಪೇಪರು ಮಡಚಿ ಕಲಿಸುವ ಪಾಠ ಹಾಕಿದೆ. ಮಕ್ಕಳಿಗೆ ವಾರವೆಲ್ಲ ತಾಲೀಮು ಮಾಡಿಸಿದ್ದೆ, ಅದೂ ಚೆನ್ನಾಗಿಯೇ ಬಂತು. ಡಿಗ್ರಿ ಬಂತು. ಕುರ್ಚಿ ಉಳಿಯಿತು. ಬದಲಾದ ಶಿಕ್ಷಕಿ ಅಂತ ಗೈಡ್ ಮೇಡಂ ತಮ್ಮ ಪೋರ್ಟ್‌ಫೋಲಿಯೊದಲ್ಲಿ ನನ್ನದೇ ಒಂದು ಪುಟ ಮಾಡಿ ಹಾಕಿಕೊಂಡರು, ಅವರಿಗೆ ಬಡ್ತಿಯೂ ಬಂತು. ಎಲ್ಲರೂ ಬೆಳೆದೆವು.

ಎಡವಟ್ಟಾದದ್ದು ಒಪ್ಪಿಗೆಯ ಪೆಟ್ಟಿಗೆಯಲ್ಲಿ. ಕೊನೆಗೆ ಸಲ್ಲಿಸುವಾಗ ಸಾಲಾಗಿ ಚೌಕಗಳಿರುತ್ತವೆ, ಟಿಕ್ ಟಿಕ್ ಟಿಕ್ ಅಂತ ಒತ್ತುತ್ತಾ ಹೋದೆ. ಅದರಲ್ಲೊಂದು, ಇದನ್ನು ಬೋಧನೆಗೆ ಬಳಸಲು ನನ್ನ ಒಪ್ಪಿಗೆ ಇದೆ. ಬಳಸಿದರೆ ಎರಡೂ ಬಳಸುತ್ತಾರೆ, ಮುಖ ಮಸುಕು ಮಾಡುತ್ತಾರೆ ಅಂತ ನಾನಂದುಕೊಂಡಿದ್ದೆ. ಮಸುಕು ಮಾಡಿದ್ದು ಮಕ್ಕಳ ಮುಖವನ್ನು. ನನ್ನದು ಕನ್ನಡಿಯ ಹಾಗೆ ಸ್ಪಷ್ಟ. ಮತ್ತೆ ‘ನಂತರ’ದ ಪಾಠ ಯಾರಿಗೆ ಬೇಕು ಹೇಳು? ಚೆನ್ನಾಗಿ ಪಾಠ ಮಾಡುವವರ ವಿಡಿಯೊ ಎಲ್ಲರ ಹತ್ತಿರವೂ ಇದೆಯಂತೆ. ಹೀಗೆ ಮನಸಾರೆ ಕೆಟ್ಟದಾಗಿ ಮಾಡುವವರು ಸಿಗುವುದು ಅಪರೂಪವಂತೆ.

ಈಗ ನನ್ನ ಪರಿಸ್ಥಿತಿ ಕೇಳು. ನಮ್ಮ ಶಾಲೆಗೆ ಪಾಠ ಅಭ್ಯಾಸ ಮಾಡಲು ನಿನ್ನಂಥ ಹುಡುಗಿಯರು ಬಂದಿದ್ದಾರೆ. ಮೊದಲ ದಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದೆ, ಒಬ್ಬಳು ನನ್ನನ್ನು ನೋಡಿ ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದಳು. ಇವರೇ ಕಣೇ ಅಂದದ್ದು ನನಗೆ ಕೇಳಿಸಿತು. ಆಮೇಲೆ ನನ್ನ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು, ನಾನು ಬೋರ್ಡಿನ ಕಡೆ ತಿರುಗಿದರೆ ಬರೆದುಕೊಳ್ಳುತ್ತಾಳೆ, ಗಡಿಯಾರ ನೋಡಿದರೆ ಬರೆದುಕೊಳ್ಳುತ್ತಾಳೆ. ಬಾಯಿ ತೆಗೆದು ಹೇಳುವ ಹಾಗಿಲ್ಲ. ನನ್ನ ಕ್ಲಾಸಿನಲ್ಲೇ ನಾನು ಕೈ ಎಲ್ಲಿಡಲಿ, ಕಾಲೆಲ್ಲಿಡಲಿ ಅಂತ ಒದ್ದಾಡುತ್ತೇನೆ ಗುಬ್ಬಿ.

ಅದು ನಾಟಕ ಅಂತ ಹೇಳಿಬಿಡು ಅನ್ನುತ್ತೀಯ, ನಿನ್ನ ಸ್ವಭಾವ ಗೊತ್ತಿಲ್ಲವೇ. ಹೇಳಿದರೆ ನನ್ನ ಡಿಗ್ರಿ ಸುಳ್ಳು, ಡಿಗ್ರಿ ಇಲ್ಲದಿದ್ದರೆ ಕೆಲಸ ಇಲ್ಲ. ಗೈಡ್ ಮೇಡಂ ಬಡ್ತಿಗೂ ಕುತ್ತು. ಹೇಳದೆ ಇದ್ದರೆ ನೀನು ಒಂದು ವರ್ಷ ಹಿಂದೆ ಬೀಳುತ್ತೀಯ. ಆ ಸಾಲಿಗೆ ನೀನು ಅಂಟಿಕೊಂಡರೆ ನಾಳೆ ನಿನ್ನ ಲೆಕ್ಚರರ್ ಕರೆದು, ಅವರು ಹೀಗೆ ಪಾಠ ಮಾಡೋರಲ್ಲ ಅಂತ ನಿನಗೆ ಹೇಗೆ ಗೊತ್ತಮ್ಮ ಅಂತ ಕೇಳುತ್ತಾರೆ. ನಮ್ಮಮ್ಮ ಅನ್ನುತ್ತೀಯ. ಹಾಗಾದ್ರೆ ಈ ವಿಡಿಯೊ ಏನು ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಎಲ್ಲ ಕಡೆಯಿಂದಲೂ ನೋಡಿದೆ, ಹೊರಗೆ ಹೋಗಲು ಇರುವುದು ಒಂದೇ ದಾರಿ. ನೀನು ಬರೆಯುವುದು.

ನಿನಗೆ ಕಷ್ಟವಾಗಬಾರದೆಂದು ನಾನೇ ಹೇಳಿಕೊಡುತ್ತೇನೆ, ಪೆನ್ನು ತಗೋ. ಯಾವ ತಾಯಿ ತನ್ನ ತಪ್ಪುಗಳನ್ನು ಹೀಗೆ ತಟ್ಟೆಯಲ್ಲಿಟ್ಟು ಕೊಡುತ್ತಾಳೆ ಹೇಳು! ಪಾಠ ಶುರುವಾಗುವಾಗಲೇ ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಜೊತೆ ಮಾತಾಡುತ್ತೇನೆ, ಅದನ್ನು ಬರಿ. ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳುತ್ತೇನೆ. ಹೆಸರು ಹಿಡಿದು ಕರೆಯುವುದು ಮುಂದಿನ ಬೆಂಚಿನ ಜಾಣರನ್ನು ಮಾತ್ರ. ಮಕ್ಕಳು ಬರೆದು ಮುಗಿಸುವ ಮೊದಲೇ ಬೋರ್ಡು ಒರೆಸುತ್ತೇನೆ. ತಿಳೀತಾ ಅನ್ನುತ್ತೇನೆ, ತಿಳೀತು ಮಿಸ್ ಅನ್ನುತ್ತಾರೆ, ಯಾರಿಗೂ ತಿಳಿದಿಲ್ಲ ಅಂತ ಗೊತ್ತಿದ್ದೂ ಮುಂದಕ್ಕೆ ಹೋಗುತ್ತೇನೆ. ನಡುವೆ ವಾಚು ನೋಡುವುದಂತೂ ಲೆಕ್ಕವಿಲ್ಲ. ಕೊನೆಕೊನೆಗೆ ಒಂದು ಹುಡುಗಿ ಎದ್ದು ನಿಲ್ಲುತ್ತಾಳೆ, ಎರಡನೇ ಬೆಂಚು. ಅವಳಿಗೆ ನಾನು ಇಟ್ಟಿರುವ ಹೆಸರು ‘ಯಾಕೆಮ್ಮ’. ಏನು ಹೇಳಿದರೂ ಯಾಕೆ ಮಿಸ್ ಅನ್ನುವವಳು. ಮೂರರಲ್ಲೊಂದು ದೊಡ್ಡದು, ನಾಲ್ಕರಲ್ಲೊಂದು ಚಿಕ್ಕದು ಅಂತ ನಾನು ಬರೆಸುತ್ತಿದ್ದೇನೆ. ಯಾಕೆ ಮಿಸ್, ನಾಲ್ಕೇ ದೊಡ್ಡದಲ್ವಾ ಅಂತ ಕೇಳುತ್ತಾಳೆ. ರೂಲು ಅಂದ್ರೆ ರೂಲು, ಬಾಯಿ ಮುಚ್ಕೊಂಡು ಬರ್ಕೋ ಅನ್ನುತ್ತೇನೆ. ಅವಳು ಕೂರುವುದಿಲ್ಲ, ಸ್ವಲ್ಪ ಹೊತ್ತು ನಿಂತೇ ಇರುತ್ತಾಳೆ. ಮುಖ ಮಸುಕು ಮಾಡಿದ್ದಾರಾದ್ದರಿಂದ ನಿಮಗ್ಯಾರಿಗೂ ಏನೂ ಕಾಣಿಸಿರುವುದಿಲ್ಲ. ಇದಕ್ಕೆ ಅಂಕ ಜಾಸ್ತಿ ಇರುತ್ತದೆ, ವಿವರವಾಗಿ ಬರಿ.

ನೀನಾಗಿದ್ದರೆ ಏನು ಮಾಡುತ್ತಿದ್ದೆ ಅನ್ನುವುದಕ್ಕೂ ಉತ್ತರ ನಿನಗೆ ಗೊತ್ತು. ನಿನಗೆ ಇದೇ ಪಾಠವನ್ನು ನಾನೇ ಮಾಡಿದ್ದು ಮರೆತೆಯಾ? ಹಳೇ ನ್ಯೂಸ್‌ಪೇಪರು ಎಲ್ಲರಿಗೂ ಒಂದೊಂದು ಹಾಳೆ, ಮೂರು ಮಡಿಕೆ ಮಾಡಿದವರು ಒಂದು ಕಡೆ, ನಾಲ್ಕು ಮಡಿಕೆ ಮಾಡಿದವರು ಇನ್ನೊಂದು ಕಡೆ. ಯಾರ ತುಂಡಿನ ಮೇಲೆ ಕೂರಲು ಜಾಗ ಇದೆ ಅಂತ ಪೈಪೋಟಿ. ನೀನು ನಾಲ್ಕರ ಗುಂಪಿಗೆ ಬಿದ್ದು, ಅಮ್ಮಾ ಮೋಸ ಅಂತ ಕಿರುಚಿದೆ. ಕ್ಲಾಸಿನಲ್ಲಿ ಮಿಸ್ ಅನ್ನಬೇಕು ಅಂತ ಕಲಿಸಿದ್ದೆಲ್ಲ ನೀರುಪಾಲು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಡ್ ಮೇಡಂ ಬಾಗಿಲಲ್ಲಿ ನಿಂತು, ಇದೇನು ಕ್ಲಾಸೋ ರದ್ದಿ ಅಂಗಡಿಯೋ ಅಂದರು. ಆ ದಿನ ನನಗೆ ಸಿಕ್ಕಿದ ಖುಷಿ ಯಾವ ಪದವಿಯಲ್ಲೂ ಸಿಕ್ಕಿಲ್ಲ. ಅದನ್ನು ಬರಿ. ನಿನ್ನ ಐಡಿಯಾ ಅಂತಲೇ ಬರಿ, ನನಗೇನೂ ಬೇಜಾರಿಲ್ಲ.

ಒಂದು ಸಮಾಧಾನ ಇದೆ. ಮೊದಲು ಅಡ್ಡಾದಿಡ್ಡಿ ಬರೆದು ಆಮೇಲೆ ತಿದ್ದಿಕೊಂಡವರಿಗೆ ಪೋರ್ಟ್‌ಫೋಲಿಯೊದಲ್ಲಿ ಒಳ್ಳೆ ಅಂಕ ಬರುತ್ತದೆ. ನಿನ್ನ ಆ ಒಂದು ಸಾಲು ಹಿಂದಿನ ಪ್ರತಿಗಳಲ್ಲಿ ಕೂತಿರುತ್ತದೆ, ಅದರ ಪಕ್ಕದಲ್ಲಿ ಹೊಸದು ಬರುತ್ತದೆ. ನೀನೂ ಬೆಳೆದ ಹಾಗಾಯಿತು.

ಹಟ ಮಾಡಬೇಡ, ನನ್ನಮ್ಮ ಅಲ್ವಾ. ಅಪ್ಪನ ಕೈಯಲ್ಲಿ ಚಪ್ಪಲಿ ತರಿಸಿಟ್ಟಿದ್ದೇನೆ, ಈ ಸಲ ಬಂದಾಗ ಹಾಕಿ ನೋಡು. ಕೂದಲಿಗೆ ಎಣ್ಣೆ ಕಾಣಿಸುತ್ತಾ ಇರು.

ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ

ತಾ.ಕ. ಲಕೋಟೆಗೆ ಅಂಟು ಹಚ್ಚಿ ನಿಮ್ಮಪ್ಪನ ಕೈಗೆ ಕೊಟ್ಟಿದ್ದೆ. ವಾಪಸು ಇಸಕೊಂಡು ಕಿತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು ಅಂತ ಅವರು ಗೇಟಿನ ಹತ್ತಿರ ಗೊಣಗುತ್ತಿದ್ದಾರೆ.

ಗುಬ್ಬಿ, ಎರಡನೇ ಸಲ ನಾವು ನಾಟಕ ಮಾಡಲೇ ಇಲ್ಲ. ಮಕ್ಕಳ ನಗು ನಿಲ್ಲಲಿಲ್ಲ, ನನಗೆ ನಿಜವಾಗಿಯೇ ರೇಗಿಹೋಯಿತು. ಆಟ ಸಾಕು, ಪುಸ್ತಕ ತೆಗೀರಿ ಅಂದೆ. ಮುಂದಿನದು ಅವರ ಆಟದ ಪಿರಿಯಡ್ಡು, ಪೋರ್ಷನ್ ಮುಗಿದಿಲ್ಲ ಅಂತ ಅದನ್ನೂ ನಾನೇ ಕಿತ್ತುಕೊಂಡಿದ್ದೆ. ಬೀರುವಿನ ಮೇಲಿನ ಫೋನು ಮರೆತೇ ಹೋಗಿತ್ತು. ಅದರ ಪಾಡಿಗೆ ಅದು ಓಡುತ್ತಲೇ ಇತ್ತು. ಮನೆಗೆ ಬಂದು ನಾಟಕ ಅಳಿಸೋಣ ಅಂತ ತೆರೆದಾಗ ಆಮೇಲಿನ ಪಾಠವೂ ಸಿಕ್ಕಿತು. ‘ಮೊದಲು’ ಖಾನೆಗೆ ಹಾಕಿದ್ದು ಅದನ್ನೇ. ಬೆನ್ನು ಹಾಕಿದ್ದು, ವಾಚು ನೋಡಿದ್ದು, ಬೋರ್ಡು ಒರೆಸಿದ್ದು, ಆ ಹುಡುಗಿಗೆ ಹಾಗಂದದ್ದು, ಯಾವುದೂ ಅಭಿನಯವಲ್ಲ. ಯಾರೂ ನೋಡುತ್ತಿಲ್ಲ ಅಂದುಕೊಂಡು ಮಾಡಿದ ಮಾಮೂಲಿ ಪಾಠ. ಗೈಡ್ ಮೇಡಂಗೂ ಇದು ಗೊತ್ತಿಲ್ಲ, ಚೆನ್ನಾಗಿ ನಟಿಸಿದ್ದೀರಿ ಅಂತಲೇ ಅಂದುಕೊಂಡಿದ್ದಾರೆ.

ನೀನು ನನ್ನ ಕ್ಲಾಸಿನಲ್ಲಿ ಕೂತು ಕಂಡದ್ದೂ ಸುಳ್ಳಲ್ಲ. ಆಗ ನಾನು ಹಾಗೆಯೇ ಪಾಠ ಮಾಡುತ್ತಿದ್ದೆ. ಯಾವಾಗ ಬದಲಾದೆ ಅಂತ ನನಗೆ ಗೊತ್ತಿಲ್ಲ, ಅದರ ವಿಡಿಯೊ ಯಾರ ಹತ್ತಿರವೂ ಇಲ್ಲ.

ನಿನ್ನೆ ಮೇಡಂ ನಿನ್ನ ಸಾಲು ಓದಿದಾಗ ನನಗೆ ಹೆದರಿಕೆಗಿಂತ ಮುಂಚೆ ಸಂತೋಷವಾಯಿತು. ಬೆಲ್ಲು ಹೊಡೆದು ನಿಲ್ಲುವವರೆಗೆ ವರಾಂಡದಲ್ಲಿ ಅದೊಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ನಿಂತಿದ್ದೆ. ಅಷ್ಟು ಸಾಕು ನನಗೆ. ನನ್ನ ಕೆಲಸಕ್ಕಾಗಿ ಅದನ್ನು ತೆಗೆಯಬೇಡ, ನಿನ್ನ ಅಂಕಕ್ಕಾಗಿಯೂ ತೆಗೆಯಬೇಡ. ನಿಜವಲ್ಲ, ಅದಕ್ಕೇ ತೆಗೆ. ನಿನ್ನ ಕ್ಲಾಸಿನಲ್ಲಿ ಮಿಕ್ಕವರೆಲ್ಲ ಬರೆದದ್ದೇ ಸರಿ.